ದೀಪದ ಬುಡದ ಸಸಿ

ನವರಾತ್ರಿಯ ಮೊದಲ ದಿನ ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಘಟ ಹಾಕುತ್ತಾರೆ. ದೇವರ ಕೋಣೆಯಲ್ಲಿ ಹೊಲದ ಮಣ್ಣು ಹರಡಿ, ನಡುವೆ ಘಟವಿಟ್ಟು, ಸುತ್ತ ಕಾಳು ಚೆಲ್ಲಿ ದಿನಾ ನೀರು ಚಿಮುಕಿಸುತ್ತಾರೆ. ಹಬ್ಬ ಮುಗಿಯುವ ಹೊತ್ತಿಗೆ ಸಸಿ ಗೇಣುದ್ದ ಎದ್ದಿರುತ್ತದೆ. ಮಬ್ಬು ಕೋಣೆಯಲ್ಲಿ ಬೆಳೆದದ್ದರಿಂದ ಅದರ ಬಣ್ಣ ಹಸಿರಲ್ಲ, ಅರಿಸಿನ ಬೆರೆಸಿದ ಹಾಲಿನದು. ಕೈಯಲ್ಲಿ ಹಿಡಿದರೆ ತಣ್ಣಗೆ, ಮೆತ್ತಗೆ. ತನ್ನ ತಲೆ ತಾನೇ ಹೊರುವ ಕಸುವು ಕಾಂಡಕ್ಕಿಲ್ಲ. ಅದು ಪೂಜೆಯ ಸಸಿ, ನಾಟಿಯ ಸಸಿಯಲ್ಲ. ಹೊಲಕ್ಕೆ ಒಯ್ದು ನೆಟ್ಟರೆ ಮಧ್ಯಾಹ್ನದ ಬಿಸಿಲಿಗೇ ಮಲಗಿಬಿಡುತ್ತದೆ.

ಚಳಿನಾಡುಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಬಿಳಿಚಿದ ಸಸಿಯ ಪರಿಚಯ ಇನ್ನೊಂದು ದಾರಿಯಿಂದ ಆಗುತ್ತದೆ. ಮಿಷಿಗನ್ನಿನಂಥ ಕಡೆ ಮೇ ತಿಂಗಳ ಕೊನೆ ಬರುವವರೆಗೆ ಬದನೆ, ಮೆಣಸಿನ ಸಸಿಯನ್ನು ಹೊರಗೆ ನೆಡುವಂತಿಲ್ಲ. ಹಿಮ ಕಟ್ಟಿದ ಒಂದೇ ರಾತ್ರಿಗೆ ಕರಕಲಾಗುತ್ತದೆ. ಬೇಸಿಗೆಯೋ ಚಿಕ್ಕದು. ಕಾಯಿ ಕಾಣಬೇಕೆಂದರೆ ಮಾರ್ಚಿನಲ್ಲೇ ಮನೆಯೊಳಗೆ ಒಟ್ಲು ಹಾಕಬೇಕು. ಕಿಟಕಿಯ ಕಟ್ಟೆಯ ಮೇಲೆ ಮೊಸರಿನ ಡಬ್ಬಿಯಲ್ಲಿ ಬಿತ್ತಿದ ಬೀಜ ಮೊಳೆಯುವುದೇನೋ ಮೊಳೆಯುತ್ತದೆ. ಆಮೇಲೆ ಗಾಜಿನ ಕಡೆ ಬಾಗಿ, ನೂಲಿನಂತೆ ಉದ್ದವಾಗಿ, ಒಂದು ಬೆಳಿಗ್ಗೆ ಮಣ್ಣಿಗೆ ತಲೆಯಿಟ್ಟಿರುತ್ತದೆ. ಅದಕ್ಕೇ ಅಲ್ಲಿಯವರು ನೆಲಮಾಳಿಗೆಯಲ್ಲಿ ದೀಪ ಕಟ್ಟಿ ಅದರ ಕೆಳಗೆ ಸಸಿ ಎಬ್ಬಿಸುತ್ತಾರೆ. ಇಂದು ಅಂಗಡಿಯಿಂದ ಒಂದು ದೀಪ ತಂದು ಸಿಕ್ಕಿಸಿದರೆ ಕೆಲಸ ಮುಗಿಯಿತು. ಆದರೆ ಯಾವ ದೀಪ, ಎಷ್ಟು ಹೊತ್ತು, ಎಷ್ಟು ಹತ್ತಿರ ಎಂದು ತಿಳಿಯಲು ನೂರು ವರ್ಷಕ್ಕೂ ಮೀರಿದ ಹುಡುಕಾಟ ನಡೆದಿದೆ. ಒಬ್ಬರು ಬಿಟ್ಟುಹೋದ ಗಂಟನ್ನು ಇನ್ನೊಬ್ಬರು ಬಿಚ್ಚುತ್ತ ಬಂದ ಕತೆ ಅದು.

ಸೂರ್ಯನದಲ್ಲದ ಬೆಳಕನ್ನು ಗಿಡ ಬೆಳಕೆಂದು ಒಪ್ಪುತ್ತದೆಯೆ ಎಂಬುದು ಮೊದಲ ಪ್ರಶ್ನೆ. 1861ರಲ್ಲಿ ಫ್ರಾನ್ಸಿನ ಎರ್ವೆ ಮಾಂಗೊಂ ವಿದ್ಯುತ್ ಆರ್ಕ್ ದೀಪದ ಮುಂದೆ ಎಳೆ ಸಸಿಗಳು ಹಸಿರಾಗುವುದನ್ನೂ ದೀಪದ ಕಡೆಗೆ ಬಾಗುವುದನ್ನೂ ತೋರಿಸಿದರು. ಅದೇ ದಶಕದಲ್ಲಿ ರಷ್ಯಾದ ಆಂದ್ರೇ ಫಾಮಿನ್‌ತ್ಸಿನ್ ಬರೀ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಹಸಿರು ಪಾಚಿ ಪಿಷ್ಟ ತಯಾರಿಸುವುದನ್ನು ಕಂಡರು. ಇವೆಲ್ಲ ಪ್ರಯೋಗಶಾಲೆಯ ಮೇಜಿನ ಮೇಲಿನ ಮಾತು. ದೀಪವನ್ನು ತೋಟಕ್ಕೆ ತಂದವರು ವಿಲಿಯಂ ಸೀಮೆನ್ಸ್.

ಸೀಮೆನ್ಸ್ ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಎಂಜಿನಿಯರು. ಕುಲುಮೆ, ಟೆಲಿಗ್ರಾಫ್ ತಂತಿ, ಡೈನಮೊ ಇವು ಅವರ ವೃತ್ತಿ. ಕೆಂಟ್ ಸೀಮೆಯ ಟನ್‌ಬ್ರಿಜ್ ವೆಲ್ಸ್ ಬಳಿಯ ತಮ್ಮ ಮನೆಯಲ್ಲಿ, ಕರಬೂಜ ಬೆಳೆಯುವ ತಗ್ಗಿನ ಗಾಜಿನ ಮನೆಯೊಂದರ ಮೇಲೆ, ಸುಮಾರು ಎರಡು ಮೀಟರ್ ಎತ್ತರದಲ್ಲಿ 1,400 ಕ್ಯಾಂಡಲ್ ಪವರಿನ ಆರ್ಕ್ ದೀಪ ತೂಗುಹಾಕಿದರು. ಬೇಗ ಬೆಳೆಯುವ ಸಾಸಿವೆ, ಗಜ್ಜರಿ, ಹುರುಳಿಕಾಯಿ, ಸೌತೆ, ಕರಬೂಜದ ಬೀಜಗಳನ್ನು ಕುಂಡಗಳಲ್ಲಿ ಬಿತ್ತಿ, ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಪೂರ್ತಿ ಕತ್ತಲೆ. ಒಂದಕ್ಕೆ ಹಗಲಿನ ಬೆಳಕು ಮಾತ್ರ. ಒಂದಕ್ಕೆ ದೀಪ ಮಾತ್ರ, ಅದೂ ದಿನಕ್ಕೆ ಆರು ಗಂಟೆ, ಸಂಜೆ ಐದರಿಂದ ಹನ್ನೊಂದರವರೆಗೆ. ನಾಲ್ಕನೆಯದಕ್ಕೆ ಹಗಲೂ ಉಂಟು, ದೀಪವೂ ಉಂಟು. ಕತ್ತಲೆಯವು ಘಟದ ಸಸಿಯಂತೆ ಹಳದಿಯಾಗಿ ಉದ್ದ ಬೆಳೆದು ಸತ್ತವು. ದೀಪವೊಂದನ್ನೇ ಉಂಡವು ತಿಳಿಹಸಿರಾಗಿ ಬದುಕಿಕೊಂಡವು. ಹಗಲಿನವು ಇನ್ನಷ್ಟು ಹಸಿರು. ಎರಡೂ ಸಿಕ್ಕಿದವು ಎಲ್ಲಕ್ಕಿಂತ ದಟ್ಟ ಹಸಿರಾಗಿ ಸೊಕ್ಕಿ ನಿಂತವು. ಇಷ್ಟು ಅಚ್ಚುಕಟ್ಟಾದ ಪ್ರಯೋಗವನ್ನು ಶಾಲೆಯ ಮಕ್ಕಳೂ ಮಾಡಿ ನೋಡಬಹುದು. ಅದಕ್ಕೇ ಅದು ನನಗೆ ಬಹಳ ಇಷ್ಟ.

1880ರ ಮಾರ್ಚಿನಲ್ಲಿ ಸೀಮೆನ್ಸ್ ಇದನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟರು. ಮೊಗ್ಗಾಗಿದ್ದ ಟ್ಯುಲಿಪ್ ಹೂಗಳ ಕುಂಡವನ್ನು ಸಭೆಯಲ್ಲೇ ದೀಪದೆದುರು ಇಟ್ಟಾಗ ಸುಮಾರು ನಲವತ್ತು ನಿಮಿಷದಲ್ಲಿ ಅವು ಅರಳಿದವು. ಮುಂದಿನ ಚಳಿಗಾಲ ಅವರು ದೀಪವನ್ನು ಗಾಜಿನ ಮನೆಯ ಒಳಗೇ ತಂದರು. ಡೈನಮೊ ತಿರುಗಿಸುವ ಉಗಿಯಂತ್ರದ ಬಿಸಿಯನ್ನು ಪೋಲು ಮಾಡದೆ ಗಾಜಿನ ಮನೆ ಬೆಚ್ಚಗಿಡಲು ಬಳಸಿಕೊಂಡರು. ಅಕ್ಟೋಬರಿನಲ್ಲಿ ಬಿತ್ತಿದ ಬಟಾಣಿ ಫೆಬ್ರವರಿ 16ಕ್ಕೆ ಬಲಿತ ಕಾಯಿ ಕೊಟ್ಟಿತು. ಆದರೆ ಮರೆಯಿಲ್ಲದ ಆರ್ಕ್ ಬೆಳಕು ತಾಕಿದ ಎಲೆಗಳು ಮುದುರಿ ಸುಟ್ಟಂತಾದವು. ಕಾವಿನಿಂದಲೋ ಬೆಳಕಿನಿಂದಲೋ ಎಂದು ನೋಡಲು ಅವರು ಒಂದು ತೆಳು ಗಾಜಿನ ಹಲಗೆಯನ್ನು ಗಿಡದ ಒಂದು ಭಾಗಕ್ಕೆ ಮಾತ್ರ ಅಡ್ಡ ಹಿಡಿದರು. ಒಂದೇ ರಾತ್ರಿಯಲ್ಲಿ ಎಲೆಯ ಮೇಲೆ ಗೆರೆ ಕೊರೆದಂತೆ ಕಂಡಿತು: ಗಾಜಿನ ಮರೆಯ ಭಾಗ ಹಸಿರು, ಮರೆಯಿಲ್ಲದ್ದು ಕರಕಲು. ಕಣ್ಣಿಗೆ ಕಾಣದ ಕಿರಣ ಏನೋ ಇದೆ, ಗಾಜು ಅದನ್ನು ತಡೆಯುತ್ತದೆ ಎಂದು ಅವರು ತೀರ್ಮಾನಿಸಿದರು. ಅದು ಅತಿನೇರಳೆ ಕಿರಣ. ಸಸಿಯನ್ನು ಮನೆಯಿಂದ ಹೊರಗೆ ತರುವಾಗ ಈ ಗಾಜಿನ ಮಾತು ಮತ್ತೆ ಬೇಕಾಗುತ್ತದೆ, ನೆನಪಿರಲಿ.

ಇದೇ 1880ರಲ್ಲಿ, ಇದೇ ಕೆಂಟ್ ಸೀಮೆಯ ಡೌನ್ ಎಂಬ ಹಳ್ಳಿಯಲ್ಲಿ, ಎಪ್ಪತ್ತು ದಾಟಿದ ಚಾರ್ಲ್ಸ್ ಡಾರ್ವಿನ್ ಮಗ ಫ್ರಾನ್ಸಿಸ್ ಜೊತೆ ಹುಲ್ಲಿನ ಮೊಳಕೆಗಳ ತುದಿಗೆ ಪುಟ್ಟ ಟೊಪ್ಪಿಗೆ ತೊಡಿಸುತ್ತಿದ್ದರು. ತುದಿಗೆ ಕತ್ತಲೆಯಾದರೆ ಮೊಳಕೆ ಬೆಳಕಿನ ಕಡೆ ಬಾಗುವುದಿಲ್ಲ. ಬುಡವನ್ನು ಮುಚ್ಚಿ ತುದಿ ಬಿಟ್ಟರೆ ಬಾಗುತ್ತದೆ. ಬಾಗುವುದು ಕೆಳಗೆ, ಬೆಳಕನ್ನು ಅರಿಯುವುದು ಮೇಲೆ. ಒಂದು ಜಿಲ್ಲೆಯಲ್ಲಿ, ಒಂದೇ ವರ್ಷದಲ್ಲಿ, ಸೀಮೆನ್ಸ್ ಬೆಳಕನ್ನು ಗಿಡದ ಊಟವೆಂದು ಅಳೆದರು, ಡಾರ್ವಿನ್ ಅದನ್ನು ಗಿಡಕ್ಕೆ ಬಂದ ಸುದ್ದಿಯೆಂದು ಓದಿದರು. ಈ ಎರಡು ನೋಟಗಳು ಕೂಡಿಕೊಳ್ಳಲು ಇನ್ನೂ ಮುಕ್ಕಾಲು ಶತಮಾನ ಹಿಡಿಯಿತು. ಬರೀ ಊಟವೆಂದುಕೊಂಡಷ್ಟು ದಿನ ದೀಪ ಕಟ್ಟಿದವರು ಎಡವುತ್ತಲೇ ಇದ್ದರು.

ಹಾಗೆ ಎಡವಿದ್ದನ್ನು ಪ್ರಾಮಾಣಿಕವಾಗಿ ಬರೆದಿಟ್ಟವರು ಅಮೆರಿಕದ ಲಿಬರ್ಟಿ ಹೈಡ್ ಬೈಲಿ. ನ್ಯೂಯಾರ್ಕ್ ರಾಜ್ಯದ ಇಥಾಕಾದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅವರು ಗಾಜಿನ ಮನೆಯನ್ನು ಇಬ್ಭಾಗ ಮಾಡಿ, ಒಂದು ಕಡೆ ರಾತ್ರಿ ಆರ್ಕ್ ದೀಪ ಉರಿಸಿದರು, ಇನ್ನೊಂದು ಕಡೆ ಸಹಜ ಕತ್ತಲೆ ಬಿಟ್ಟರು. 1891ರಲ್ಲಿ ಅವರ ಮೊದಲ ವರದಿ ಬಂತು. ಲೆಟಿಸ್ ಸೊಪ್ಪು ದೀಪಕ್ಕೆ ಚೆನ್ನಾಗಿ ಒಗ್ಗಿ ಬೇಗ ಕೊಯ್ಲಿಗೆ ಬಂತು. ಪಾಲಕ್ ಮಾತ್ರ ಎಲೆ ಬಿಡುವ ಮೊದಲೇ ಹೂಕಡ್ಡಿ ಎತ್ತಿ ಬೀಜಕ್ಕೆ ನಿಂತಿತು. ಬೆಳಕು ಊಟವೇ ಆಗಿದ್ದರೆ ಹೆಚ್ಚು ಉಂಡ ಪಾಲಕ್ ಹೆಚ್ಚು ಎಲೆ ಬಿಡಬೇಕಿತ್ತು. ಅದೇಕೆ ಹೀಗೆ ಹೂವಿಗೆ ಓಡಿತು ಎಂಬುದಕ್ಕೆ ಆ ಕಾಲದಲ್ಲಿ ಉತ್ತರವಿರಲಿಲ್ಲ.

ಉತ್ತರ ಬಂದದ್ದು ಹೊಗೆಸೊಪ್ಪಿನಿಂದ. ವಾಷಿಂಗ್ಟನ್ನಿನ ಎದುರು ದಡದಲ್ಲಿ, ಇಂದು ಪೆಂಟಗನ್ ಕಟ್ಟಡವಿರುವ ಆರ್ಲಿಂಗ್ಟನ್ನಿನ ಕಡೆ, ಅಮೆರಿಕದ ಕೃಷಿ ಇಲಾಖೆಯ ಹೊಲಗಳಿದ್ದವು. ಅಲ್ಲಿ ಮೇರಿಲ್ಯಾಂಡ್ ಮ್ಯಾಮತ್ ಎಂಬ ತಳಿ ಬೇಸಿಗೆಯಿಡೀ ಎಲೆಯ ಮೇಲೆ ಎಲೆ ಬಿಡುತ್ತ ಆಳೆತ್ತರ ಮೀರಿ ಬೆಳೆಯುತ್ತಿತ್ತು, ಹೂವೇ ಬಿಡುತ್ತಿರಲಿಲ್ಲ. ಅದೇ ತಳಿ ಚಳಿಗಾಲದ ಗಾಜಿನ ಮನೆಯಲ್ಲಿ ಮೊಣಕಾಲುದ್ದ ಬರುವ ಮೊದಲೇ ಹೂ ಬಿಡುತ್ತಿತ್ತು. ಇಲಾಖೆಯ ವಿಜ್ಞಾನಿಗಳಾದ ವೈಟ್‌ಮನ್ ಗಾರ್ನರ್ ಮತ್ತು ಹ್ಯಾರಿ ಅಲಾರ್ಡ್ ಕಾವು, ಗೊಬ್ಬರ, ನೀರು ಎಲ್ಲವನ್ನೂ ಬದಲಾಯಿಸಿ ನೋಡಿ ಸೋತರು. ಉಳಿದದ್ದು ಒಂದೇ: ಚಳಿಗಾಲದಲ್ಲಿ ಹಗಲು ಗಿಡ್ಡ. ಇಂಥ ಚಿಕ್ಕ ಸಂಗತಿ ಇಷ್ಟು ದೊಡ್ಡ ಗಿಡವನ್ನು ಆಳುತ್ತದೆಂದು ನಂಬಲು ಧೈರ್ಯ ಬೇಕಿತ್ತು. 1918ರ ಜುಲೈನಲ್ಲಿ ಅವರು ಬೆಳಕು ನುಸುಳದ ಸಣ್ಣ ಗುಡಿಸಲು ಕಟ್ಟಿ, ಹೊಗೆಸೊಪ್ಪಿನ ಮೂರು ಗಿಡಗಳನ್ನೂ ಸೋಯಾ ಅವರೆಯ ಒಂದು ಪೆಟ್ಟಿಗೆಯನ್ನೂ ದಿನಾ ಸಂಜೆ ನಾಲ್ಕಕ್ಕೆ ಒಳಗಿಟ್ಟು ಬೆಳಿಗ್ಗೆ ಒಂಬತ್ತಕ್ಕೆ ಹೊರಗೆ ತೆಗೆದರು. ಬೇಸಿಗೆಯ ನಡುವೆ ಏಳು ಗಂಟೆಯ ಹಗಲು ಕಂಡ ಹೊಗೆಸೊಪ್ಪು ಹೂ ಬಿಟ್ಟಿತು. ಚಳಿಗಾಲದಲ್ಲಿ ತಿರುಗಾಮುರುಗಾ ಮಾಡಿದರು: ಗಾಜಿನ ಮನೆಯಲ್ಲಿ ಮಂಕು ಬಲ್ಬುಗಳಿಂದ ಹಗಲನ್ನು ಹಿಗ್ಗಿಸಿದರೆ ಹೂ ನಿಂತಿತು. ಅಷ್ಟು ಮಂದ ಬೆಳಕು ಊಟಕ್ಕೆ ಏನೇನೂ ಸಾಲದು. ಆದರೂ ಗಿಡ ಅದನ್ನು ಲೆಕ್ಕಕ್ಕೆ ಹಿಡಿಯಿತು. 1920ರಲ್ಲಿ ಪ್ರಕಟವಾದ ಈ ಕೆಲಸ ಬೈಲಿಯವರ ಪಾಲಕ್ಕಿಗೂ ಉತ್ತರ ಹೇಳಿತು. ಪಾಲಕ್ ದೀರ್ಘ ಹಗಲಿಗೆ ಹೂ ಬಿಡುವ ಗಿಡ.

ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ಹೊಲದ ನಡುವೆ ಸಾಲು ಸಾಲು ಬಲ್ಬು ಉರಿಯುವುದನ್ನು ನೋಡಿರುತ್ತೀರಿ. ಅದು ಸೇವಂತಿಗೆ ತೋಟ. ಸೇವಂತಿಗೆ ಹಗಲು ಗಿಡ್ಡವಾದಾಗ ಹೂ ಬಿಡುವ ಗಿಡ. ರೈತರು ರಾತ್ರಿ ಬೆಳಕು ಕೊಟ್ಟು ಅದನ್ನು ತಡೆದು, ಕಾಂಡ ಬೆಳೆಯಲು ಬಿಟ್ಟು, ಬೇಕಾದ ದಿನ ದೀಪ ಆರಿಸಿ ಹೂ ತರಿಸುತ್ತಾರೆ. ಆರ್ಲಿಂಗ್ಟನ್ನಿನ ಮಂಕು ಬಲ್ಬು ನಮ್ಮ ಬಯಲುಸೀಮೆಯಲ್ಲಿ ಹೀಗೆ ಉರಿಯುತ್ತಿದೆ.

ಇನ್ನು ಸಸಿಯ ಒಳಗೆ ಈ ಬೆಳಕನ್ನು ಲೆಕ್ಕ ಹಿಡಿಯುವವರು ಯಾರು? ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್ ಎಂಬಲ್ಲಿ, ಅದೇ ಕೃಷಿ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ, ಸಸ್ಯವಿಜ್ಞಾನಿ ಹ್ಯಾರಿ ಬೋರ್ತ್‌ವಿಕ್ ಮತ್ತು ರಸಾಯನವಿಜ್ಞಾನಿ ಸ್ಟರ್ಲಿಂಗ್ ಹೆಂಡ್ರಿಕ್ಸ್ ಇದರ ಬೆನ್ನು ಹತ್ತಿದರು. ಕಾರ್ಬನ್ ಆರ್ಕ್ ದೀಪದ ಬೆಳಕನ್ನು ದೊಡ್ಡ ಪಟ್ಟಕಗಳ ಮೂಲಕ ಹಾಯಿಸಿ, ಕತ್ತಲ ಕೋಣೆಯಲ್ಲಿ ಅಗಲವಾದ ಕಾಮನಬಿಲ್ಲನ್ನು ಹರಡಿದರು. ಅದರ ಉದ್ದಕ್ಕೂ ಗಿಡಗಳನ್ನು ಸಾಲಾಗಿ ಇಟ್ಟರು: ಒಂದಕ್ಕೆ ನೀಲಿ ಮಾತ್ರ, ಒಂದಕ್ಕೆ ಹಸಿರು ಮಾತ್ರ, ಒಂದಕ್ಕೆ ಕೆಂಪು ಮಾತ್ರ. ಸೋಯಾ ಅವರೆಯ ಹೂವನ್ನು ತಡೆಯುವಲ್ಲಿ ಕೆಂಪಿನದೇ ಮೇಲುಗೈ. ಆಮೇಲೆ ಕತ್ತಲಲ್ಲಿ ಬೆಳೆದ ಬಟಾಣಿ ಸಸಿಗಳನ್ನು ಅದೇ ಕಾಮನಬಿಲ್ಲಿನಲ್ಲಿ ಇಟ್ಟರು. ಬಿಳಿಚಿದ ಸಸಿ ಉದ್ದವಾಗುವುದನ್ನು ನಿಲ್ಲಿಸಿ ಎಲೆ ಬಿಚ್ಚಿದ್ದು ಅದೇ ಕೆಂಪಿಗೆ. ಹೂ ಬಿಡುವುದಕ್ಕೂ ಎಳೆ ಸಸಿ ಗಟ್ಟಿಯಾಗುವುದಕ್ಕೂ ಒಂದೇ ಬೀಗದ ಕೈ!

ಅದೇ ಕೇಂದ್ರದಲ್ಲಿ ಬೀಜಗಳ ಬಗ್ಗೆ ಕೆಲಸ ಮಾಡುತ್ತಿದ್ದ ದಂಪತಿ ಎಬೆನ್ ಟೂಲ್ ಮತ್ತು ವಿವಿಯನ್ ಟೂಲ್ ಅವರೊಂದಿಗೆ ಸೇರಿ ಮುಂದೆ ಲೆಟಿಸ್ ಬೀಜ ಹಿಡಿದರು. ಗ್ರ್ಯಾಂಡ್ ರ್‍ಯಾಪಿಡ್ಸ್ ತಳಿಯ ನೆನೆದ ಬೀಜಕ್ಕೆ ಕೆಂಪು ಬೆಳಕು ತೋರಿಸಿದರೆ ನೂರಕ್ಕೆ 70 ಮೊಳೆಯುತ್ತಿದ್ದವು. ಕೆಂಪಿನ ಆಚೆಯ ಅಂಚಿನಲ್ಲಿ, ಕಣ್ಣಿಗೆ ಕಂಡೂ ಕಾಣದ ಬೆಳಕೊಂದಿದೆ, ಅಂಚುಗೆಂಪು ಎನ್ನೋಣ. ಅದು ಮೊಳಕೆಯನ್ನು ತಡೆಯುತ್ತದೆ ಎಂದು 1930ರ ದಶಕದಲ್ಲೇ ಫ್ಲಿಂಟ್ ಮತ್ತು ಮಕ್‌ಅಲಿಸ್ಟರ್ ಎಂಬ ಇಬ್ಬರು ಕಂಡಿದ್ದರು. ಬೆಲ್ಟ್ಸ್‌ವಿಲ್‌ನವರು ಎರಡನ್ನೂ ಒಂದರ ಮೇಲೊಂದು ಕೊಟ್ಟು ನೋಡಿದರು. ಕೆಂಪಿನ ನಂತರ ಅಂಚುಗೆಂಪು ಕೊಟ್ಟರೆ ಮೊಳೆತದ್ದು ನೂರಕ್ಕೆ 6 ಮಾತ್ರ. ಮತ್ತೆ ಕೆಂಪು ಕೊಟ್ಟರೆ 74. ಮತ್ತೆ ಅಂಚುಗೆಂಪು, ಮತ್ತೆ 6. ಎಷ್ಟು ಸಲ ಅದಲು ಬದಲು ಮಾಡಿದರೂ ಬೀಜ ಕೇಳಿದ್ದು ಕೊನೆಯ ಬೆಳಕಿನ ಮಾತನ್ನೇ. 1952ರಲ್ಲಿ ಇದು ಪ್ರಕಟವಾಯಿತು. ಗಿಡದೊಳಗೆ ಒಂದೇ ಬಣ್ಣದ್ರವ್ಯ ಎರಡು ರೂಪದಲ್ಲಿದೆ, ಕೆಂಪು ಅದನ್ನು ಒಂದು ಕಡೆ ತಿರುಗಿಸುತ್ತದೆ, ಅಂಚುಗೆಂಪು ಹಿಂದಕ್ಕೆ ತಿರುಗಿಸುತ್ತದೆ ಎಂದು ಅವರು ಸಾರಿದರು.

ಆ ದ್ರವ್ಯವನ್ನು ಕಣ್ಣಾರೆ ಕಂಡವರು ಮಾತ್ರ ಯಾರೂ ಇರಲಿಲ್ಲ. ಹಸಿರು ಎಲೆಯಲ್ಲಿ ಹುಡುಕಿದರೆ ಪತ್ರಹರಿತ್ತಿನ ಗದ್ದಲದಲ್ಲಿ ಏನೂ ಕಾಣದು. ಕೊನೆಗೆ ಕೈಹಿಡಿದದ್ದು ನಮ್ಮ ಘಟದ ಸಸಿಯಂಥದೇ, ಕತ್ತಲಲ್ಲಿ ಎದ್ದ ಮೆಕ್ಕೆಜೋಳದ ಹಳದಿ ಮೊಳಕೆ. ವಾರನ್ ಬಟ್ಲರ್ ಮತ್ತು ಕಾರ್ಲ್ ನಾರಿಸ್ ದಪ್ಪ ವಸ್ತುವಿನ ಮೂಲಕವೂ ಬೆಳಕನ್ನು ಅಳೆಯಬಲ್ಲ ಯಂತ್ರ ಕಟ್ಟಿದ್ದರು. ಮೊಳಕೆಗೆ ಕೆಂಪು ಬೆಳಕು ಕೊಟ್ಟಾಗ ಅದು 660 ನ್ಯಾನೋಮೀಟರ್ ಬಳಿ ಹೀರುವುದು ಕಡಿಮೆಯಾಗಿ 730ರ ಬಳಿ ಹೆಚ್ಚಿತು. ಅಂಚುಗೆಂಪು ಕೊಟ್ಟಾಗ ಮೊದಲಿನಂತಾಯಿತು. ಹೆಂಡ್ರಿಕ್ಸ್ ಮತ್ತು ಹೆರಾಲ್ಡ್ ಸೀಗಲ್‌ಮನ್ ಜೊತೆ ಅವರು ಇದನ್ನು ಪ್ರಕಟಿಸಿದ್ದು 1959ರಲ್ಲಿ. ಅದಕ್ಕೆ ಫೈಟೊಕ್ರೋಮ್ ಎಂದು ಹೆಸರಾಯಿತು.

ಕಿಟಕಿಯ ಸಸಿ ಏಕೆ ನೂಲಾಗುತ್ತದೆ ಎಂಬುದು ಇಲ್ಲಿಂದ ತಿಳಿಯಾಯಿತು. ಎಲೆಗಳು ಕೆಂಪನ್ನು ಹೀರಿಕೊಂಡು ಅಂಚುಗೆಂಪನ್ನು ಕೆಳಕ್ಕೂ ಪಕ್ಕಕ್ಕೂ ಬಿಡುತ್ತವೆ. ಆದ್ದರಿಂದ ಒತ್ತೊತ್ತಾಗಿ ಬಿತ್ತಿದ ಸಸಿ ಅಕ್ಕಪಕ್ಕದಿಂದ ಬರುವ ಅಂಚುಗೆಂಪನ್ನು ಓದಿ, ಪಕ್ಕದವರು ನನ್ನ ಮೇಲೆ ನೆರಳಾಗಲಿದ್ದಾರೆ ಎಂದು ತಿಳಿದು, ಇದ್ದಬದ್ದ ಕಸುವನ್ನೆಲ್ಲ ಎತ್ತರಕ್ಕೆ ಸುರಿಯುತ್ತದೆ. ಬೆಳಕು ಮಂದವಾದರೂ ಹಾಗೆಯೇ. ನಮ್ಮ ಕಣ್ಣಿಗೆ ಕೋಣೆ ಬೆಳಕಾಗಿಯೇ ಕಾಣುತ್ತದೆ, ಏಕೆಂದರೆ ಕಣ್ಣು ಹೊಂದಿಕೊಳ್ಳುತ್ತದೆ. ನಡು ಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ದೀಪ ಹಚ್ಚಿದ ನಡುಮನೆಯಲ್ಲಿ ಸಿಗುವುದು ಕೆಲವು ನೂರು ಮಾತ್ರ.

ದೀಪದ ಕಡೆ ಬರೋಣ. 1938ರಲ್ಲಿ ಟ್ಯೂಬ್‌ಲೈಟ್ ಅಮೆರಿಕದ ಮಾರುಕಟ್ಟೆಗೆ ಬಂತು. ಕಾವು ಕಡಿಮೆಯಾದ್ದರಿಂದ ಸಸಿಯ ತಲೆಯ ಹತ್ತಿರವೇ ಇಡಬಹುದಾದ ಮೊದಲ ದೀಪ ಅದು. ನೆಲಮಾಳಿಗೆಯ ತೋಟಗಾರಿಕೆ ಮನೆಮನೆಗೆ ಬಂದದ್ದು ಅದರಿಂದ. ಮುಂದೆ ಎಲ್‌ಇಡಿ ಬಂದಾಗ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರೇಮಂಡ್ ಬುಲಾ, ಥಿಯೊಡೋರ್ ಟಿಬಿಟ್ಸ್ ಮತ್ತು ಸಂಗಡಿಗರು ಬಾಹ್ಯಾಕಾಶದಲ್ಲಿ ಸೊಪ್ಪು ಬೆಳೆಯುವ ಆಸೆಯಿಂದ ಲೆಟಿಸ್ ಸಸಿಗಳ ಮೇಲೆ ಕೆಂಪು ಎಲ್‌ಇಡಿ ಹಚ್ಚಿದರು. ಹೊಳಪಿನ ನೀಲಿ ಎಲ್‌ಇಡಿ ಆಗಿನ್ನೂ ಇರಲಿಲ್ಲ. ಊಟಕ್ಕೆ ಕೆಂಪು ಧಾರಾಳವಾಗಿದ್ದರೂ ಸಸಿಗಳ ಕಾಂಡ ಉದ್ದವಾಗಿ ಎಳೆಯಿತು. ಪಕ್ಕದಲ್ಲಿ ನೀಲಿ ಟ್ಯೂಬ್ ಇಟ್ಟು ಸ್ವಲ್ಪವೇ ನೀಲಿ ಬೆರೆಸಿದಾಗ ಸಸಿ ಗಿಡ್ಡವಾಗಿ ಗಟ್ಟಿಯಾಯಿತು. 1992ರಲ್ಲಿ ಅವರು ಬರೆದ ಆ ಪುಟ್ಟ ಪ್ರಬಂಧವನ್ನು ಸಸಿ ಎಬ್ಬಿಸುವ ಪ್ರತಿಯೊಬ್ಬರೂ ನೆನೆಯಬೇಕು. ಡಾರ್ವಿನ್ ನೋಡಿದ ಮೊಳಕೆ ಬಾಗುತ್ತಿದ್ದುದೂ ನೀಲಿ ಬೆಳಕಿಗೇ. ನೀಲಿಯನ್ನು ಓದುವ ದ್ರವ್ಯಗಳು ಬೇರೆಯೇ ಇವೆ ಎಂಬುದು 1990ರ ದಶಕದಲ್ಲಿ ಖಚಿತವಾಯಿತು. ಅದೇ ಹೊತ್ತಿಗೆ ಜಪಾನಿನಲ್ಲಿ ನೀಲಿ ಎಲ್‌ಇಡಿ ಸಿದ್ಧವಾಗಿತ್ತು. ಅದಕ್ಕಾಗಿ ಅಕಸಾಕಿ, ಅಮಾನೊ, ನಕಮುರ ಮೂವರಿಗೂ 2014ರ ಭೌತವಿಜ್ಞಾನದ ನೊಬೆಲ್ ಬಂತು.

ಇಂದು ಅಂಗಡಿಯಲ್ಲಿ ಸಿಗುವ ಬಿಳಿ ಎಲ್‌ಇಡಿ ಟ್ಯೂಬಿನ ಒಳಗಿರುವುದು ನೀಲಿ ಎಲ್‌ಇಡಿಯೇ. ಮೇಲಿನ ಹಳದಿ ಲೇಪ ಅದರ ಒಂದು ಪಾಲನ್ನು ಹಳದಿ, ಕೆಂಪಿಗೆ ತಿರುಗಿಸುತ್ತದೆ. ಸಸಿಗೆ ಬೇಕಾದ ನೀಲಿಯೂ ಅದರಲ್ಲಿದೆ, ಕೆಂಪೂ ಇದೆ, ಕಾಂಡ ಎಳೆಯುವ ಅಂಚುಗೆಂಪು ಬಹಳ ಕಡಿಮೆ. ಆದ್ದರಿಂದ ನೇರಳೆ ಬಣ್ಣದ ದುಬಾರಿ ದೀಪಕ್ಕೆ ಹಣ ಸುರಿಯಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ಬಿಳಿಯ ಎರಡು ಟ್ಯೂಬು ಸಾಕು. ಸಸಿಯ ತಲೆಯಿಂದ ಗೇಣಿಗಿಂತ ದೂರ ಇರಬಾರದು. ಸಸಿ ಎದ್ದಂತೆ ದೀಪವನ್ನೂ ಎತ್ತಬೇಕು. ದಿನಕ್ಕೆ 14ರಿಂದ 16 ಗಂಟೆ ಹಚ್ಚಿ, ರಾತ್ರಿ ಆರಿಸಿ. ಬೀಜ ಒತ್ತೊತ್ತಾಗಿ ಬೀಳದಿರಲಿ.

ನಾಟಿಗೆ ಮೊದಲು ಸೀಮೆನ್ಸರ ಗಾಜಿನ ಹಲಗೆಯನ್ನು ನೆನೆಯಿರಿ. ಮನೆಯೊಳಗಿನ ಸಸಿ ಅತಿನೇರಳೆ ಕಿರಣವನ್ನು ಕಂಡೇ ಇರುವುದಿಲ್ಲ. ಆ ಕಿರಣವನ್ನು ಗುರುತಿಸಿ ಎಲೆಗೆ ರಕ್ಷೆ ಕಟ್ಟಿಕೊಳ್ಳುವ ದ್ರವ್ಯವೂ ಗಿಡದಲ್ಲಿದೆ ಎಂದು 2011ರಲ್ಲಿ ಪತ್ತೆಯಾಗಿದೆ. ಆದರೆ ರಕ್ಷೆ ಕಟ್ಟಲು ಅದಕ್ಕೆ ಕೆಲವು ದಿನ ಬೇಕು. ಟ್ರೇಯನ್ನು ಮೊದಲ ದಿನ ಒಂದು ಗಂಟೆ ಬೆಳಗಿನ ಎಳೆಬಿಸಿಲಿಗೆ ಇಟ್ಟು ಒಳಗೆ ತನ್ನಿ, ಮರುದಿನ ಎರಡು ಗಂಟೆ ಇಡಿ. ವಾರ, ಹತ್ತು ದಿನ ಹೀಗೆ ಪಳಗಿಸಿ, ಮೋಡ ಕವಿದ ದಿನ ನೋಡಿ, ಸಂಜೆ ನೆಡಿ.